ಬಳ್ಳಾರಿ ಬಸ್ಸು ಹತ್ತಿದ ಮೇಷ್ಟ್ರು

ಶಿಕ್ಷೆಯ ಸುದ್ದಿ ಮುಟ್ಟಿಸುವುದರಲ್ಲಿ ನಾನು ಎಂದೂ ತಡ ಮಾಡಿದವನಲ್ಲ. ಯಾರ ಮಗ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ, ಯಾರ ಮಗಳು ಹೇಳದೆ ಕೇಳದೆ ಶಾಲೆ ತಪ್ಪಿಸಿದಳು ಎಂಬುದು ಸಂಜೆಯೊಳಗೆ ಅವರವರ ಮನೆಗೆ ತಲುಪಿರುತ್ತಿತ್ತು. ಒಮ್ಮೆ ಮಾತ್ರ, ಕ್ಷಮೆಯ ಸುದ್ದಿಯೊಂದನ್ನು ಒಯ್ದು ಮುಟ್ಟಿಸಿ ಬನ್ನಿ ಎಂದು ನನಗೆ ಹೇಳಿದರು. ಆವತ್ತು ನಾನು ಎದುರು ದಿಕ್ಕಿನ ಬಸ್ಸು ಹತ್ತಿದೆ.

ರಾಂಪುರ ಮೊಳಕಾಲ್ಮೂರು ತಾಲ್ಲೂಕಿನ ಊರು. ಊರ ನಡುವೆ ಹಾಯುವ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಬಳ್ಳಾರಿ, ದಕ್ಷಿಣಕ್ಕೆ ಹೊರಟರೆ ಚಳ್ಳಕೆರೆ. ಆಂಧ್ರದ ಗಡಿ ಹತ್ತಿರವಿರುವುದರಿಂದ ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ಕಲೆತು ಕೇಳಿಸುತ್ತವೆ. ಮಳೆ ಕಡಿಮೆ, ಮಳೆ ಬಂದ ವರ್ಷ ಶೇಂಗಾ, ಬಾರದ ವರ್ಷ ಗುಳೆ. ಇಂಥ ಸೀಮೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗುವುದೆಂದರೆ ಮನೆಯಲ್ಲಿ ಒಬ್ಬನಾದರೂ ಮೋಡ ನೋಡದೆ ಉಣ್ಣುವ ದಾರಿ. ಈ ಕಡೆಯದೇ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ.

ಹತ್ತನೇ ತರಗತಿಯ ಹುಡುಗನೊಬ್ಬ ನನ್ನ ಮೇಜಿನ ಡ್ರಾದಿಂದ ಪರೀಕ್ಷಾ ಶುಲ್ಕದ ದುಡ್ಡು ಎತ್ತಿದ. ಎತ್ತಿದ್ದು ನಿಜ, ಅದರಲ್ಲಿ ಅನುಮಾನವಿರಲಿಲ್ಲ. ಬಳ್ಳಾರಿಗೆ ಹೋಗಿ ಸಿನಿಮಾ ನೋಡಿ, ಹೊಸ ಅಂಗಿ ಕೊಂಡು ಬಂದಿದ್ದ. ಮನೆಯಲ್ಲಿ ಕಷ್ಟವಿತ್ತು, ತಾಯಿಗೆ ಕಾಯಿಲೆಯಿತ್ತು ಎಂಬಂಥ ಯಾವ ಸಬೂಬೂ ಅವನಿಗಿರಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅವನು ನಿರಪರಾಧಿಯಾಗಿದ್ದರೆ ಮುಂದೆ ನಡೆದದ್ದು ಬರೀ ಅನ್ಯಾಯದ ಕಥೆಯಾಗುತ್ತಿತ್ತು.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮಕ್ಕಳ ಮುಂದೆ ಅವನನ್ನು ನಿಲ್ಲಿಸಿದೆ. ಇವನು ಈ ಶಾಲೆಯ ಮೆಟ್ಟಿಲು ಇನ್ನು ಹತ್ತುವುದಿಲ್ಲ, ಪರೀಕ್ಷೆಗೆ ಕೂರುವುದಿಲ್ಲ ಎಂದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತು ನಮ್ಮ ಸೀಮೆಯ ಮಕ್ಕಳಿಗೆಲ್ಲ ಬಾಯಿಪಾಠ: ಮಾಡಿದಷ್ಟು ನೀಡು ಭಿಕ್ಷೆ. ಅದನ್ನೂ ಸೇರಿಸಿದೆ. ಮಾಡಿದಷ್ಟೇ ಸಿಗುತ್ತದೆ, ಕದ್ದವನಿಗೆ ಕದ್ದದ್ದಕ್ಕೆ ತಕ್ಕದ್ದು ಸಿಗುತ್ತದೆ ಎಂದು ಬಿಡಿಸಿ ಹೇಳಿದೆ. ಆ ಸ್ವಾಮಿಗಳನ್ನು ಈ ಬರದ ನಾಡು ಕೆರೆ ಕಟ್ಟಿಸಿದವರೆಂದೂ ನೆನೆಯುತ್ತದೆ. ಕೆರೆಗೆ ಬಂದವರ ಯೋಗ್ಯತೆ ವಿಚಾರಿಸಿ ನೀರು ಕೊಟ್ಟ ಕೆರೆ ಎಲ್ಲಿಯೂ ಇಲ್ಲ. ಆ ಭಾಗ ನನ್ನ ಭಾಷಣದಲ್ಲಿ ಬರಲಿಲ್ಲ.

ಕೆಲವು ದಿನ ಬಿಟ್ಟು ಹುಡುಗನ ತಾಯಿ ಹೆಡ್ಮಾಸ್ಟರ ಕೋಣೆಗೆ ಬಂದಳು. ಏನು ಮಾತಾಡಿದಳೋ ನನಗೆ ಕೇಳಿಸಲಿಲ್ಲ. ಅವಳು ಹೋದ ಮೇಲೆ ಹೆಡ್ಮಾಸ್ಟರು ನನ್ನನ್ನು ಕರೆದರು. “ಮೇಷ್ಟ್ರೇ, ಹುಡುಗ ಪರೀಕ್ಷೆ ಬರೀಲಿ ಬಿಡಿ. ಶುಲ್ಕ ನಾನು ಕಟ್ತೀನಿ. ಸೋಮವಾರ ಕೊನೇ ದಿನ, ಅರ್ಜಿಗೆ ಅವನ ಸಹಿ ಬೇಕು. ಅವನು ಹೆದರಿ ಹೊಲದ ಕಡೆ ಸೇರ್ಕೊಂಡಿದಾನಂತೆ, ಬೇರೆಯವರು ಕರೆದ್ರೆ ಬರೋನಲ್ಲ. ಹೊರಗೆ ಹಾಕಿದೋರು ನೀವು, ನೀವೇ ಹೋಗಿ ಕರೆದ್ರೆ ಬರ್ತಾನೆ,” ಅಂದರು.

ಅವರ ಮಾತು ಸರಿಯಾಗಿತ್ತು. ಹೂಂ ಎಂದೆ. ಅವನ ಹಟ್ಟಿ ಚಳ್ಳಕೆರೆ ರಸ್ತೆಯ ಕಡೆಗಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ರಸ್ತೆಗೆ ಬಂದು ನಿಂತೆ. ಬಳ್ಳಾರಿಯ ಬಸ್ಸು ಬಂತು, ಹತ್ತಿ ಕೂತೆ. ಬಳ್ಳಾರಿಯಲ್ಲಿ ಸಂಬಂಧಿಕರ ಮನೆಯಿತ್ತು, ಅಲ್ಲೇ ಉಳಿದೆ. ಭಾನುವಾರ ರಾತ್ರಿ ಬಂದೆ. ಸೋಮವಾರ ಹೆಡ್ಮಾಸ್ಟರು ಕೇಳಿದಾಗ, “ಹೋಗಿದ್ದೆ ಸಾರ್, ಮನೆಗೆ ಬೀಗ ಹಾಕಿತ್ತು,” ಅಂದೆ. ಅವರು ನನ್ನನ್ನು ನಂಬಿದರು. ಅರ್ಜಿಗಳ ಕಟ್ಟು ಅವನ ಹೆಸರಿಲ್ಲದೆ ಹೋಯಿತು.

ಯಾಕೆ ಹಾಗೆ ಮಾಡಿದೆ ಎಂಬುದಕ್ಕೆ ಆಗ ನನ್ನಲ್ಲಿ ಬೇಕಾದಷ್ಟು ಉತ್ತರಗಳಿದ್ದವು. ಶಿಸ್ತು ಹಾಳಾಗುತ್ತದೆ, ಉಳಿದ ಮಕ್ಕಳು ಏನು ಕಲಿಯುತ್ತಾರೆ, ಕಳ್ಳತನಕ್ಕೆ ಬೆಲೆಯೇ ಇಲ್ಲವೆ. ಒಂದೂ ಸುಳ್ಳಲ್ಲ, ಆದರೆ ಒಂದೂ ನಿಜವಾದ ಕಾರಣವಾಗಿರಲಿಲ್ಲ. ನಿಜವಾದ ಕಾರಣ ಇಷ್ಟೇ: ಇಡೀ ಶಾಲೆಯ ಮುಂದೆ ನಾನು ಆಡಿದ ಮಾತು ಸುಳ್ಳಾಗುತ್ತಿತ್ತು. ಮಂಗಳವಾರ ಆ ಹುಡುಗ ಮತ್ತೆ ಬೆಂಚಿನಲ್ಲಿ ಕೂತರೆ ಮಕ್ಕಳು ಮೊದಲು ನೋಡುವುದು ಅವನನ್ನಲ್ಲ, ನನ್ನನ್ನು.

ಇದಕ್ಕೆ ಹೆಸರಿಡಲು ನನಗೆ ಬಹಳ ಕಾಲ ಹಿಡಿಯಿತು. ಹೆಸರು ಸಿಕ್ಕಿದ್ದು ಒಬ್ಬ ಹೀಬ್ರೂ ಪ್ರವಾದಿಯ ಕಥೆಯಲ್ಲಿ. ಬಳ್ಳಾರಿಯಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರ ಬಳಿ ಕನ್ನಡ ಬೈಬಲ್ ಇತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಬೈಬಲ್ಲನ್ನು ಕನ್ನಡಕ್ಕೆ ತರುವುದರಲ್ಲಿ ವರ್ಷಗಟ್ಟಲೆ ದುಡಿದವರು. ನಾನು ತಪ್ಪಿಸಿಕೊಂಡು ಹೋದ ಊರಿನಲ್ಲೇ ನನ್ನ ಕಥೆ ಅಷ್ಟು ಹಿಂದೆಯೇ ಕನ್ನಡವಾಗಿತ್ತು. ಯೋನನ ಗ್ರಂಥ ಬಲು ಚಿಕ್ಕದು: 4 ಅಧ್ಯಾಯ, 48 ವಚನ. ಸ್ಟಾಫ್ ರೂಮಿನಲ್ಲಿ ಒಂದು ಪೀರಿಯಡ್ ಮುಗಿಯುವುದರೊಳಗೆ ಓದಿ ಮುಗಿಸಿದೆ.

ಯೋನನ ಕಥೆಯೆಂದರೆ ಎಲ್ಲರಿಗೂ ಮೀನು ನೆನಪಾಗುತ್ತದೆ. ನನಗೂ ಅಷ್ಟೇ ಗೊತ್ತಿತ್ತು. ಅಸ್ಸೀರಿಯದ ಮಹಾನಗರ ನಿನೆವೆಗೆ ಹೋಗಿ ಅದರ ದುಷ್ಟತನದ ವಿರುದ್ಧ ಸಾರು ಎಂದು ದೇವರು ಅಮಿತ್ತೈಯ ಮಗ ಯೋನನಿಗೆ ಹೇಳುತ್ತಾನೆ. ನಿನೆವೆ ಮೂಡಲಿಗೆ, ಟೈಗ್ರಿಸ್ ನದಿಯ ದಂಡೆಯಲ್ಲಿ, ಇವತ್ತಿನ ಇರಾಕಿನ ಮೊಸೂಲ್ ನಗರದ ಬಳಿ ಇದೆ. ಯೋನ ಪಡುವಲಿಗೆ ಓಡುತ್ತಾನೆ. ಯೊಪ್ಪ ಬಂದರಿನಲ್ಲಿ ಪ್ರಯಾಣದ ದುಡ್ಡು ತೆತ್ತು ತಾರ್ಷೀಷಿಗೆ ಹೋಗುವ ಹಡಗು ಹತ್ತುತ್ತಾನೆ. ಬಿರುಗಾಳಿ ಏಳುತ್ತದೆ. ಹಡಗಿನವರೆಲ್ಲ ತಮ್ಮ ತಮ್ಮ ದೇವರನ್ನು ಕೂಗುತ್ತಿರುವಾಗ ಪ್ರವಾದಿ ಮಾತ್ರ ತಳದಲ್ಲಿ ಮಲಗಿ ನಿದ್ದೆ ಹೊಡೆಯುತ್ತಿರುತ್ತಾನೆ. ಚೀಟಿ ಹಾಕಿದಾಗ ಅವನ ಹೆಸರೇ ಬರುತ್ತದೆ. ನನ್ನನ್ನು ಕಡಲಿಗೆ ಎಸೆಯಿರಿ ಎಂದು ಅವನೇ ಹೇಳುತ್ತಾನೆ. ಆಗ ಆ ನಾವಿಕರು ಏನು ಮಾಡುತ್ತಾರೆ ನೋಡಿ. ಅವರು ಯೋನನ ದೇವರನ್ನು ಅರಿಯದ ಪರರು. ಸರಕನ್ನೆಲ್ಲ ಈ ಮನುಷ್ಯನ ದೆಸೆಯಿಂದ ನೀರಿಗೆಸೆದು ಕಳೆದುಕೊಂಡವರು. ಆದರೂ ಅವನನ್ನು ಉಳಿಸಿ ದಡ ಮುಟ್ಟಿಸಲು ಹುಟ್ಟು ಹಾಕಿ ಹೆಣಗುತ್ತಾರೆ. ಆಗದೆ ಹೋದಾಗ ಮಾತ್ರ, ಈ ಜೀವದ ಪಾಪ ನಮಗೆ ತಗಲದಿರಲಿ ಎಂದು ಬೇಡಿಕೊಂಡು ಎಸೆಯುತ್ತಾರೆ. ಕಥೆಯಲ್ಲಿ ಕನಿಕರಕ್ಕೆ ಮೊದಲು ಕೈ ಹಚ್ಚಿದವರು ಅವರು.

ಮೀನು ಯೋನನನ್ನು ನುಂಗುತ್ತದೆ. ಮೂರು ಹಗಲು ಮೂರು ಇರುಳು ಅದರ ಹೊಟ್ಟೆಯಲ್ಲಿದ್ದು, ಪ್ರಾರ್ಥಿಸಿ, ದಡಕ್ಕೆ ಬರುತ್ತಾನೆ. ದೇವರು ಎರಡನೆಯ ಸಲ ಅದೇ ಮಾತು ಹೇಳುತ್ತಾನೆ. ಈ ಸಲ ಹೋಗುತ್ತಾನೆ. ಇನ್ನು 40 ದಿನದಲ್ಲಿ ನಿನೆವೆ ಕೆಡವಲ್ಪಡುವುದು ಎಂದು ಬೀದಿಯಲ್ಲಿ ಸಾರುತ್ತಾನೆ. ಪಶ್ಚಾತ್ತಾಪ ಪಟ್ಟರೆ ಉಳಿಯುತ್ತೀರಿ ಎಂಬ ಮಾತು ಆ ಸಾರಿಕೆಯಲ್ಲಿ ಇಲ್ಲ. ಆದರೂ ಊರಿಗೆ ಊರೇ ಉಪವಾಸ ಹಿಡಿಯುತ್ತದೆ. ಅರಸ ಸಿಂಹಾಸನದಿಂದಿಳಿದು ಬೂದಿಯಲ್ಲಿ ಕೂರುತ್ತಾನೆ. ಜನರಷ್ಟೇ ಅಲ್ಲ, ದನಕರುಗಳೂ ಮೇವು ನೀರು ಮುಟ್ಟದೆ ಗೋಣಿತಟ್ಟು ಹೊದೆಯುತ್ತವೆ. ದೇವರು ತನ್ನ ತೀರ್ಪನ್ನು ಹಿಂತೆಗೆದುಕೊಳ್ಳುತ್ತಾನೆ.

ಪ್ರವಾದಿಯೊಬ್ಬನ ಮಾತಿಗೆ ಒಂದು ಮಹಾನಗರ ಹೀಗೆ ಕರಗಿದ್ದು ಹೀಬ್ರೂ ಗ್ರಂಥಗಳಲ್ಲಿ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಯೋನ ಕುಣಿದಾಡಬೇಕಿತ್ತು. ಅವನು ಸಿಟ್ಟಾಗುತ್ತಾನೆ. ನಾಲ್ಕನೆಯ ಅಧ್ಯಾಯ ಶುರುವಾಗುವುದೇ ಆ ಸಿಟ್ಟಿನಿಂದ. ಹೀಗಾಗುತ್ತದೆಂದು ನನಗೆ ಊರಲ್ಲಿದ್ದಾಗಲೇ ಗೊತ್ತಿತ್ತು, ಅದಕ್ಕೇ ಓಡಿದೆ, ನೀನು ಕರುಣಾಳು, ಬೇಗ ಸಿಟ್ಟಾಗುವವನಲ್ಲ, ಕೇಡು ಮಾಡದೆ ಬಿಟ್ಟುಬಿಡುವವನು ಎಂದು ದೇವರ ಮುಖಕ್ಕೇ ಹೇಳುತ್ತಾನೆ. ಮೋಶೆಯ ಕಾಲದಿಂದ ಇಸ್ರಾಯೇಲರು ಸ್ತುತಿಯಾಗಿ ಹೇಳಿಕೊಂಡು ಬಂದ ಗುಣಗಳವು. ಅವನು ಅವನ್ನೇ ದೂರಿನ ಪಟ್ಟಿ ಮಾಡುತ್ತಾನೆ. ಇಂಥ ದೇವರ ಕೈಕೆಳಗೆ ಬದುಕುವುದಕ್ಕಿಂತ ಸಾಯುವುದೇ ವಾಸಿ ಎನ್ನುತ್ತಾನೆ.

ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಅಷ್ಟರವರೆಗೆ ಯೋನ ಹೆದರಿ ಓಡಿದನೆಂದೇ ನಾನು ತಿಳಿದಿದ್ದೆ. ನಿನೆವೆಯವರು ಕೊಂದಾರು ಎಂಬುದಲ್ಲ ಅವನ ಹೆದರಿಕೆ. ನಿನೆವೆಯವರು ಉಳಿದಾರು ಎಂಬುದು.

ಯೋನನ ಪರ ಒಂದು ಮಾತು ಹೇಳಬೇಕು. ಅವನ ಸಿಟ್ಟು ನೆಲೆಯಿಲ್ಲದ್ದಲ್ಲ. ಕ್ರಿಸ್ತಪೂರ್ವ 722ರ ಸುಮಾರಿಗೆ ಅವನ ನಾಡಾದ ಉತ್ತರ ಇಸ್ರಾಯೇಲನ್ನು ಅಳಿಸಿಹಾಕಿದ್ದು ಇದೇ ಅಸ್ಸೀರಿಯ. 701ರಲ್ಲಿ ಲಾಕೀಷ್ ಎಂಬ ಯೂದಾಯ ಕೋಟೆಯನ್ನು ಮುರಿದು, ಸೆರೆಯಾಳುಗಳನ್ನು ಹಿಂಸಿಸುವ ದೃಶ್ಯಗಳನ್ನು ಅರಸ ಸನ್ಹೇರೀಬ ನಿನೆವೆಯ ತನ್ನ ಅರಮನೆಯ ಗೋಡೆಗೆ ಹೆಮ್ಮೆಯಿಂದ ಕೆತ್ತಿಸಿಕೊಂಡ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಯೋನನ ಕಥೆಯನ್ನು ಮೊದಲು ಕೇಳಿದ ಯೆಹೂದ್ಯರಿಗೆ ನಿನೆವೆಯೆಂದರೆ ಅಜ್ಜಂದಿರನ್ನು ಕೊಂದ ಊರು. ಅಂಥ ಊರಿಗೂ ಕ್ಷಮೆ ಸಿಕ್ಕೀತೆಂದು ಅವರದೇ ಧರ್ಮಗ್ರಂಥ ಹೇಳಿತು, ಅವರು ಅದನ್ನು ಕಾಪಾಡಿಕೊಂಡು ಬಂದರು. ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ದಿನ, ಉಪವಾಸದ ಮಧ್ಯಾಹ್ನ, ಪ್ರಪಂಚದ ಸಿನಗಾಗ್‌ಗಳಲ್ಲೆಲ್ಲ ಈ ಗ್ರಂಥವನ್ನು ಇಂದಿಗೂ ಓದುತ್ತಾರೆ. ಕುರ್‌ಆನಿನಲ್ಲಿ ಯೋನನೇ ಯೂನುಸ್ ಪ್ರವಾದಿ. ಹತ್ತನೆಯ ಅಧ್ಯಾಯಕ್ಕೆ ಅವರದೇ ಹೆಸರು. ಮೀನಿನ ಹೊಟ್ಟೆಯ ಕತ್ತಲಲ್ಲಿ, ತಪ್ಪು ನನ್ನದೇ ಎಂದು ಅವರು ಮಾಡಿದ ಪ್ರಾರ್ಥನೆಯನ್ನು ನಮ್ಮೂರ ಮುಸಲ್ಮಾನರು ಕಷ್ಟ ಬಂದಾಗ ಇಂದಿಗೂ ಜಪಿಸುತ್ತಾರೆ. ಮೊಸೂಲಿನಲ್ಲಿ ಅವರ ಗೋರಿಯೆಂದು ಜನ ನಂಬಿದ್ದ ಮಸೀದಿಯನ್ನು 2014ರ ಜುಲೈಯಲ್ಲಿ ಐಸಿಸ್ ಉಗ್ರರು ಸ್ಫೋಟಿಸಿ ನೆಲಸಮ ಮಾಡಿದರು. ಕರುಣೆಯ ಕಥೆ ನಡೆದ ಊರಿಗೇ ಕರುಣೆ ಸಿಗಲಿಲ್ಲ.

ನನಗೆ ಮಾತ್ರ ಯೋನನಷ್ಟು ದೊಡ್ಡ ಕಾರಣವೂ ಇರಲಿಲ್ಲ. ನನ್ನ ನಿನೆವೆಯೆಂದರೆ ಒಂದು ಅಂಗಿ, ಒಂದು ಸಿನಿಮಾ ಟಿಕೆಟ್ಟು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಮೀನಿನ ಹೊಟ್ಟೆ. ಮುಳುಗುತ್ತಿದ್ದವನನ್ನು ಕೇಳದೆಯೇ ಉಳಿಸಿದ ದೇವರ ಮೇಲೆ, ಬೇರೆಯವರನ್ನು ಉಳಿಸಿದ್ದಕ್ಕೆ ಸಿಟ್ಟಾಗುವುದು ಹೇಗೆ ಸಾಧ್ಯ? ಸಾಧ್ಯ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟನ್ನು ಬಸ್ಸಿನಲ್ಲಿ ಬಿಟ್ಟು ಇಳಿದಿದ್ದೆ. ನೌಕರಿ ಹೋಗುವಂಥ ತಪ್ಪು. ಆಗಿನ ನಮ್ಮ ಹಿರಿಯ ಮೇಷ್ಟ್ರೊಬ್ಬರು ಮೇಲಿನವರಿಗೆ ಬರೆಯುವ ಬದಲು ನನ್ನ ಜೊತೆ ಚಳ್ಳಕೆರೆ ಡಿಪೋಗೆ ಬಂದು, ಕಂಡಕ್ಟರನ್ನು ಹುಡುಕಿಸಿ, ಕಟ್ಟು ಕೈಗೆ ಸಿಗುವವರೆಗೆ ಕೂತಿದ್ದರು. ಆಮೇಲೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಹುಡುಗನನ್ನು ಪ್ರಾರ್ಥನೆಯಲ್ಲಿ ನಿಲ್ಲಿಸಿದ ದಿನ ಇದು ನನಗೆ ನೆನಪಿಗೇ ಬರಲಿಲ್ಲ. ನನಗೆ ಸಿಕ್ಕಿದ್ದನ್ನು ನಾನು ಕ್ಷಮೆಯೆಂದು ತಿಳಿದೇ ಇರಲಿಲ್ಲ. ನನ್ನ ಒಳ್ಳೆಯತನಕ್ಕೆ ಸಂದ ಮರ್ಯಾದೆ ಎಂದುಕೊಂಡಿದ್ದೆ. ಕ್ಷಮೆ ಪಡೆದವರು ಕ್ಷಮಿಸಲಾರದೆ ಹೋಗುವುದಕ್ಕೆ ನನ್ನ ಮಟ್ಟಿಗೆ ಇದೇ ಕಾರಣ.

ಇದೆಲ್ಲ ತಿಳಿಯಲು ನಿನೆವೆಯವರೆಗೂ ಹೋಗಬೇಕಿರಲಿಲ್ಲ. ನಮ್ಮ ತಾಲ್ಲೂಕಿನಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಪಾಠ ಹೇಳಿದವನು ನಾನೇ. ಆ ಬಂಡೆಯ ಮೇಲೆ ಒಬ್ಬ ಚಕ್ರವರ್ತಿ, ನಾನು ಉಪಾಸಕನಾದ ಮೊದಲ ವರ್ಷ ಮನಸ್ಸಿಟ್ಟು ಪ್ರಯತ್ನ ಪಡಲಿಲ್ಲ ಎಂದು ತನ್ನ ಹಿಂಜರಿಕೆಯನ್ನು ತಾನೇ ಒಪ್ಪಿಕೊಳ್ಳುತ್ತಾನೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಮುಟ್ಟಬಹುದು ಎನ್ನುತ್ತಾನೆ. ಮುಂದೆ, ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ವಿಧಿಗಳು ಬರುತ್ತವೆ. ನಾನು ಮಕ್ಕಳಿಗೆ ಒತ್ತಿ ಹೇಳುತ್ತಿದ್ದದ್ದು ಕೊನೆಯದನ್ನು. ದಯೆ ಮತ್ತು ನಿಜ ಒಂದಂಕದ ಪ್ರಶ್ನೆಗೆ ಸಾಕಾಗುತ್ತಿದ್ದವು. ಆ ಸೋಮವಾರ ನಾನು ಮುರಿದದ್ದು ಅವೆರಡನ್ನೇ.

ಯೋನನ ಕಥೆಗೆ ಮರಳುತ್ತೇನೆ. ಅವನು ಊರ ಹೊರಗೆ ಮೂಡಣ ದಿಕ್ಕಿಗೆ ಗುಡಿಸಲು ಹಾಕಿಕೊಂಡು, ಊರು ಈಗಲಾದರೂ ಸುಟ್ಟೀತೆ ಎಂದು ಕಾಯುತ್ತ ಕೂರುತ್ತಾನೆ. ದೇವರು ಅವನ ತಲೆಯ ಮೇಲೆ ನೆರಳಿಗೊಂದು ಗಿಡ ಬೆಳೆಸುತ್ತಾನೆ. ಅದು ಹರಳು ಗಿಡವೇ ಇರಬೇಕೆಂದು ಹಲವು ವಿದ್ವಾಂಸರ ಎಣಿಕೆ. ನಮ್ಮಲ್ಲಿ ಶೇಂಗಾ ಹೊಲದ ಬದುವಿಗೆ ಹಾಕುವ ಅದೇ ಔಡಲ. ಮರುದಿನ ಬೆಳಗಿನ ಜಾವಕ್ಕೆ ಹುಳು ಬಿದ್ದು ಗಿಡ ಒಣಗುತ್ತದೆ. ಕೊಂಡಲಿ ಹುಳು ಬಿದ್ದ ಔಡಲದ ಗತಿ ಕಂಡ ನಮ್ಮ ರೈತರಿಗೆ ಇದರಲ್ಲಿ ಪವಾಡವೇನೂ ಕಾಣದು. ಬಿಸಿಗಾಳಿ ಬೀಸುತ್ತದೆ, ಬಿಸಿಲು ನೆತ್ತಿ ಸುಡುತ್ತದೆ. ಯೋನ ಗಿಡಕ್ಕಾಗಿ ಮರುಗುತ್ತಾನೆ, ಮತ್ತೆ ಸಾವು ಬೇಡುತ್ತಾನೆ. ಆಗ ದೇವರು ಕೇಳುವ ಪ್ರಶ್ನೆಯೊಂದಿಗೆ ಪುಸ್ತಕ ಮುಗಿಯುತ್ತದೆ: ನೀನು ನೆಡದ, ಬೆಳೆಸದ, ಒಂದಿರುಳಲ್ಲಿ ಬಂದು ಒಂದಿರುಳಲ್ಲಿ ಹೋದ ಗಿಡಕ್ಕಾಗಿ ಮರುಗುತ್ತೀಯಲ್ಲ, ಎಡಗೈ ಬಲಗೈ ಯಾವುದೆಂದು ತಿಳಿಯದ 1,20,000ಕ್ಕೂ ಹೆಚ್ಚು ಜನ, ಜೊತೆಗೆ ಅಷ್ಟೊಂದು ದನಕರು ಇರುವ ಊರಿಗಾಗಿ ನಾನು ಮರುಗಬಾರದೆ?

ಯೋನ ಏನು ಹೇಳಿದ ಎಂಬುದು ಬರೆದಿಲ್ಲ. ದೇವರು ಕೊನೆಗೆ ದನಗಳನ್ನು ಯಾಕೆ ತಂದ ಎಂದು ಬೇರೆ ಕಡೆಯ ಓದುಗರು ತಲೆ ಕೆರೆದುಕೊಳ್ಳಬಹುದು. ಚಳ್ಳಕೆರೆ, ಮೊಳಕಾಲ್ಮೂರಿನವರಿಗೆ ಆ ತೊಡಕಿಲ್ಲ. ಇಲ್ಲಿ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವನ್ನು ಹೂಡುವುದಿಲ್ಲ, ಮಾರುವುದಿಲ್ಲ, ಕಿಲಾರಿಗಳು ಕಾಯುತ್ತಾರೆ. ಬರ ಬಂದಾಗ ತಮಗೇ ಕಾಳಿಲ್ಲದವರು ಅವುಗಳ ಮೇವಿಗೆ ಅಲೆಯುತ್ತಾರೆ. ಯಾವ ಕೆಲಸಕ್ಕೂ ಬಾರದ ಎತ್ತಿಗೆ ಮೇವು ಹಾಕುವ ಸೀಮೆಯಲ್ಲಿ ಹುಟ್ಟಿ, ಹದಿನೈದು ವರ್ಷದ ಹುಡುಗ ಯೋಗ್ಯನೇ ಅಲ್ಲವೇ ಎಂದು ನಾನು ತೂಗುತ್ತ ಕೂತಿದ್ದೆ.

ಆ ಹುಡುಗ ಪರೀಕ್ಷೆ ಬರೆಯಲಿಲ್ಲ, ಮುಂದಿನ ವರ್ಷವೂ ಬರೆಯಲಿಲ್ಲ. ಶೇಂಗಾ ಲೋಡಿನ ಲಾರಿಗೆ ಕ್ಲೀನರ್ ಆಗಿ ಹೋದ, ಆಮೇಲೆ ಡ್ರೈವರ್ ಆದ. ಹೆಡ್ಮಾಸ್ಟರು ನಿವೃತ್ತರಾಗಿ, ಕೆಲವು ವರ್ಷಕ್ಕೆ ತೀರಿಕೊಂಡರು. ಮನೆಗೆ ಬೀಗ ಹಾಕಿರಲಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಹುಡುಗನಿಗೆ ಹೇಳಿದೆ. ಯೋನನನ್ನು ಓದಿದ ಮೇಲೆ ಹೇಳದೆ ಇರಲು ಆಗಲಿಲ್ಲ. ಚಳ್ಳಕೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಸಿಕ್ಕ. ತಲೆಯಲ್ಲಿ ನರೆ, ಗುರುತು ಹಿಡಿದು ನಮಸ್ಕಾರ ಮಾಡಿದ. ಹೆಡ್ಮಾಸ್ಟರು ನಿನ್ನನ್ನು ಪರೀಕ್ಷೆಗೆ ಕರೆದಿದ್ದರು, ಹೇಳಬೇಕಾದವನು ನಾನು, ಬೇಕೆಂದೇ ಬರಲಿಲ್ಲ ಎಂದೆ. ನನ್ನ ಮುಖ ನೋಡಿದ. “ಆ ವರ್ಷ ಪೂರ್ತಿ ನಮ್ಮಪ್ಪ ನನ್ ಕೂಡ ಮಾತಾಡ್ಲಿಲ್ಲ ಸಾರ್,” ಅಂದ. ಇನ್ನೇನಾದರೂ ಹೇಳುತ್ತಾನೆಂದು ಕಾದೆ. “ಲೋಡ್ ಇಳಿಸೋದೈತೆ, ಬರ್ತೀನಿ,” ಎಂದು ಹೋದ. ಬೈಯಲಿಲ್ಲ, ಪರವಾಗಿಲ್ಲ ಬಿಡಿ ಎನ್ನಲೂ ಇಲ್ಲ. ಅವನು ನನ್ನನ್ನು ಕ್ಷಮಿಸಿದ್ದಾನೆಂದು ಬರೆದು ಈ ಲೇಖನವನ್ನು ಮುಗಿಸುವ ಹಕ್ಕು ನನಗಿಲ್ಲ. ಕ್ಷಮೆ ಅವನದು. ಕೊಡುವುದೋ ಬಿಡುವುದೋ ಅವನಿಗೆ ಸೇರಿದ್ದು, ಯಾವಾಗ ಎಂಬುದೂ ಅವನಿಗೇ ಸೇರಿದ್ದು.

ಆವತ್ತು ನನ್ನ ಕೈಗೆ ಕೊಟ್ಟಿದ್ದ ಕ್ಷಮೆ ನನ್ನದಾಗಿರಲಿಲ್ಲ. ಅದನ್ನು ಕೊಟ್ಟವರು ಹೆಡ್ಮಾಸ್ಟರು, ಪಡೆಯಬೇಕಾದವನು ಹುಡುಗ. ನಾನು ನಡುವಿನ ಅಂಚೆಯವನು. ಅಂಚೆಯವನಿಗೆ ಕಾಗದ ಒಡೆದು ಓದಿ, ಇದು ಇವನಿಗೆ ತಕ್ಕದ್ದಲ್ಲ ಎಂದು ಹರಿದು ಹಾಕುವ ಅಧಿಕಾರವಿಲ್ಲ. ಯೋನ ತಿಳಿಯದೆ ಹೋದದ್ದು ಇದನ್ನು. ಮೇಷ್ಟ್ರಾದವರು, ಮನೆಯ ಹಿರಿಯರಾದವರು, ಪಂಚಾಯ್ತಿಯಲ್ಲಿ ಮಾತು ನಡೆಯುವವರು, ಕಚೇರಿಯಲ್ಲಿ ಫೈಲು ಹಿಡಿದು ಕೂತವರು ದಿನಾ ಮಾಡುವ ತಪ್ಪೂ ಇದೇ. ಅಮಾನತಿನ ಆದೇಶ ಅದೇ ದಿನ ಹೋಗುತ್ತದೆ. ರದ್ದಾದ ಆದೇಶ ಮೇಜಿನ ಮೇಲೆ ಕೂತಿರುತ್ತದೆ. ಜಗಳದ ಸುದ್ದಿ ಊರೆಲ್ಲ ಸುತ್ತುತ್ತದೆ. ತಮ್ಮ ಮನೆಗೆ ಬಂದರೆ ಬರಲಿ ಎಂದು ಅಣ್ಣ ಆಡಿದ ಮಾತು ತಮ್ಮನಿಗೆ ತಲುಪುವಷ್ಟರಲ್ಲಿ ಒಬ್ಬರು ಇರುವುದಿಲ್ಲ.

ಓದುವವರಲ್ಲಿ ನನ್ನ ಕೋರಿಕೆ ಒಂದೇ. ಯಾರಿಗಾದರೂ ಮುಟ್ಟಿಸಬೇಕಾದ ಇಂಥ ಮಾತು ನಿಮ್ಮಲ್ಲಿ ಉಳಿದಿದ್ದರೆ ಇವತ್ತೇ ಹೋಗಿ ಹೇಳಿಬಿಡಿ. ಅವರು ಅದಕ್ಕೆ ಯೋಗ್ಯರೋ ಅಲ್ಲವೋ ಎಂಬ ಲೆಕ್ಕ ನಿಮ್ಮದಲ್ಲ. ಕ್ಷಮಿಸುವವರ ಕರುಣೆಗೆ ಕೊನೆಯಿಲ್ಲದಿರಬಹುದು, ಅರ್ಜಿಗೆ ಕೊನೆಯ ದಿನವಿರುತ್ತದೆ.